ಗುಳ್ಳ ಬಾಡಿದೆಯಾ? ಔಷಧಿ ಅಂಗಡಿಗೆ ಹೋಗುವ ಮೊದಲು ಒಂದು ಗ್ಲಾಸ್ ನೀರು ತನ್ನಿ

ಡಿಸೆಂಬರ್ ಬಂತೆಂದರೆ ನನ್ನ ವಾಟ್ಸಾಪಿಗೆ ಒಂದೇ ಥರದ ಫೋಟೋಗಳು ಬರಲು ಶುರು. ಬದನೆ ಗಿಡ, ತಲೆ ಬಗ್ಗಿಸಿ ನಿಂತಿದೆ. ಕೆಳಗೆ ಒಂದೇ ಸಾಲು: "ಗುಳ್ಳ ಬಾಡ್ತಾ ಉಂಟು, ಯಾವ ಔಷಧಿ ಹೊಡಿಬೇಕು?"

ನನ್ನ ಉತ್ತರವೂ ಪ್ರತಿ ಸಲ ಒಂದೇ. ಈ ಫೋಟೋ ನೋಡಿ ನಾನು ಹೇಳುವುದಿಲ್ಲ, ನೀವೂ ಯಾರಿಂದಲೂ ಹೇಳಿಸಿಕೊಳ್ಳಬೇಡಿ. ಯಾಕೆಂದರೆ ಗುಳ್ಳದ ಗಿಡ ಬಾಡಲಿಕ್ಕೆ ಕಡಿಮೆಯೆಂದರೂ ನಾಲ್ಕು ಬೇರೆ ಬೇರೆ ಕಾರಣ ಉಂಟು. ಒಂದು ಹುಳ, ಒಂದು ಬ್ಯಾಕ್ಟೀರಿಯಾ, ಒಂದು ಶಿಲೀಂಧ್ರ, ಒಂದು ಬೇರಿನ ಜಂತು. ದೂರದಿಂದ ನಾಲ್ಕೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮದ್ದು ಮಾತ್ರ ನಾಲ್ಕಕ್ಕೂ ಬೇರೆ. ಒಂದಕ್ಕಂತೂ ಮದ್ದೇ ಇಲ್ಲ. ಅದಕ್ಕೂ ನಾವು ದುಡ್ಡು ಕೊಟ್ಟು ಔಷಧಿ ತಂದು ಹೊಡೆಯುತ್ತಾ ಇರುತ್ತೇವೆ.

ಯಾವುದು ಅಂತ ಕಂಡುಹಿಡಿಯಲಿಕ್ಕೆ ಲ್ಯಾಬ್ ಬೇಡ. ಒಂದು ಚೂರಿ, ಒಂದು ಗಾಜಿನ ಗ್ಲಾಸ್, ಐದು ನಿಮಿಷ ಸಾಕು. ಈ ವಾರ ಅದನ್ನೇ ನೋಡುವ.

ಯಾವ ಗುಳ್ಳದ ವಿಷಯ?

ಉಡುಪಿ ಕಡೆಯವರಿಗೆ ಗುಳ್ಳ ಅಂದರೆ ಹೇಳಬೇಕಾಗಿಲ್ಲ. ಬೇರೆ ಜಿಲ್ಲೆಯ ಓದುಗರಿಗಾಗಿ ಹೇಳುತ್ತೇನೆ. ಇದು ದುಂಡಗಿನ, ತಿಳಿಹಸಿರು ಬಣ್ಣದ, ಮೈಮೇಲೆ ಬಿಳಿ ಗೀರುಗಳಿರುವ, ತೊಟ್ಟಿನಲ್ಲಿ ಮುಳ್ಳಿರುವ ಬದನೆ. ಸಿಪ್ಪೆ ತೆಳು, ಬೆಂದರೆ ಬೆಣ್ಣೆ. ಕಾಪು ತಾಲೂಕಿನ ಮಟ್ಟು ಊರಿನದ್ದು ಇದರಲ್ಲಿ ಪ್ರಸಿದ್ಧ. ಸೋದೆ ಮಠದ ವಾದಿರಾಜರು ಇದರ ಬೀಜ ಕೊಟ್ಟರು ಎಂಬ ನಂಬಿಕೆ ಅಲ್ಲಿಯದು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಹಾಗಾಗಿ ಆ ಬೀಜ ತಂದು ಹಿರಿಯಡ್ಕದಲ್ಲಿ ನಾನು ಬೆಳೆದರೆ ಅದು ಗುಳ್ಳವೇ ಹೊರತು ಮಟ್ಟುಗುಳ್ಳ ಅಲ್ಲ. ಆ ಹೆಸರು ಆ ಮಣ್ಣಿನವರದ್ದು.

ಮಣ್ಣಿನ ಮಾತು ಸುಮ್ಮನೆ ಹೇಳಿದ್ದಲ್ಲ. ಮಟ್ಟು ಸಮುದ್ರದ ಬದಿ. ಅಲ್ಲಿ ಮರಳು ಸೇರಿದ ಗದ್ದೆ, ನೀರು ಬೇಗ ಇಳಿಯುತ್ತದೆ. ಹಿರಿಯಡ್ಕ, ಪೆರ್ಡೂರು, ಬೈಲೂರು ಕಡೆ ನಮ್ಮದು ಮುರಕಲ್ಲಿನ ಕೆಂಪು ಮಣ್ಣು. ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಹುಳಿಯಾದ ಮಣ್ಣು. ತೋಟದ ಬದಿಯ ತಗ್ಗು ಗದ್ದೆಯಾದರೆ ತೇವವೂ ಜಾಸ್ತಿ. ಕಾಯಿ ಕೊರೆಯುವ ಹುಳ ಎರಡೂ ಕಡೆ ಒಂದೇ. ಆದರೆ ಸೊರಗು ರೋಗಕ್ಕೆ ನಮ್ಮ ತೇವದ ಹುಳಿ ಮಣ್ಣು ಬಹಳ ಇಷ್ಟ. ಆದ್ದರಿಂದ ಮಟ್ಟುವಿನಲ್ಲಿ ಹೀಗೆ ಮಾಡ್ತಾರೆ ಅಂತ ವಿಡಿಯೋ ನೋಡಿ ಅದನ್ನೇ ಇಲ್ಲಿಗೆ ತಂದರೆ ಆಗುವುದಿಲ್ಲ.

ಮೊದಲು ನಿಂತು ನೋಡಿ: ಮೂರು ಪ್ರಶ್ನೆ

ಬಾಡಿದ ಗಿಡದ ಎದುರು ನಿಂತು ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಬಾಡಿದ್ದು ಕುಡಿ ಮಾತ್ರವಾ, ಇಡೀ ಗಿಡವಾ?
2. ಇಡೀ ಗಿಡ ಬಾಡಿದ್ದರೆ, ಎಲೆ ಹಸಿರಾಗಿಯೇ ಉಂಟಾ, ಹಳದಿಯಾಗಿ ಬಾಡಿತಾ?
3. ಸಂಜೆ ತಂಪಿಗೆ ಮತ್ತೆ ಎದ್ದು ನಿಲ್ಲುತ್ತದಾ?

ಕುಡಿ ಮಾತ್ರ ಜೋತುಬಿದ್ದು ಕೆಳಗಿನ ಎಲೆಗಳೆಲ್ಲ ಸರಿಯಿದ್ದರೆ, ಕುಡಿ ಮತ್ತು ಕಾಯಿ ಕೊರಕ. ನಿನ್ನೆ ಚೆನ್ನಾಗಿದ್ದ ಇಡೀ ಗಿಡ ಹಸಿರಾಗಿರುವಾಗಲೇ ಬಿಸಿನೀರು ಹೊಯ್ದ ಹಾಗೆ ಕುಸಿದರೆ, ಬ್ಯಾಕ್ಟೀರಿಯಾ ಸೊರಗು ಎಂದು ಸಂಶಯಪಡಿ. ಕೆಳಗಿನ ಎಲೆಯಿಂದ ನಿಧಾನವಾಗಿ ಹಳದಿಯಾಗುತ್ತಾ ಬಂದರೆ ಶಿಲೀಂಧ್ರ ಇರಬಹುದು. ಮಧ್ಯಾಹ್ನ ಬಾಡಿ ಸಂಜೆ ಏಳುತ್ತಿದ್ದರೆ, ಗಿಡ ಬೆಳೆಯದೆ ಗಿಡ್ಡವಾಗಿಯೇ ಉಳಿದಿದ್ದರೆ, ಬೇರು ನೋಡಬೇಕು. ಒಂದು ಎಚ್ಚರಿಕೆ: ಬ್ಯಾಕ್ಟೀರಿಯಾ ಸೊರಗು ಕೂಡ ಮೊದಲ ಒಂದೆರಡು ದಿನ ಸಂಜೆ ಸ್ವಲ್ಪ ಏಳುತ್ತದೆ. ಅದಕ್ಕಾಗಿಯೇ ಕಣ್ಣಿನ ಅಂದಾಜಿಗೆ ನಿಲ್ಲಿಸದೆ ಗ್ಲಾಸಿನ ಪರೀಕ್ಷೆ ಮಾಡಬೇಕು.

ಈಗ ಒಂದೊಂದಾಗಿ ಬರುವ.

ಕುಡಿ ಬಾಡಿದ್ದರೆ: ಒಳಗೆ ಹುಳ ಉಂಟು

ಬಾಡಿದ ಕುಡಿಯನ್ನು ಚಿವುಟಿ ಉದ್ದಕ್ಕೆ ಸೀಳಿ ನೋಡಿ. ಒಳಗೆ ಸುರಂಗ, ಹಿಕ್ಕೆ, ಅದರ ನಡುವೆ ತಿಳಿ ಗುಲಾಬಿ ಬಣ್ಣದ ಹುಳ ಕಾಣುತ್ತದೆ. ಇದರ ತಾಯಿ ಸಣ್ಣ ಬಿಳಿ ಪತಂಗ, ರೆಕ್ಕೆಯ ಮೇಲೆ ಕಂದು ಮಚ್ಚೆ. ರಾತ್ರಿ ಹಾರುವುದರಿಂದ ನಾವು ಕಾಣುವುದು ಅಪರೂಪ.

ಈ ಹುಳದ ದಿನಚರಿ ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಪತಂಗ ಎಲೆಯ ಅಡಿ, ಕುಡಿ, ಮೊಗ್ಗು, ಕಾಯಿಯ ತೊಟ್ಟಿನ ಹತ್ತಿರ ಒಂದೊಂದೇ ಮೊಟ್ಟೆ ಇಡುತ್ತದೆ. 3ರಿಂದ 5 ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿಹುಳ ಹೊರಗೆ ತಿರುಗಾಡುವುದು ಕೆಲವೇ ಗಂಟೆ. ಆಮೇಲೆ ಕುಡಿಯನ್ನೋ ಕಾಯನ್ನೋ ಕೊರೆದು ಒಳಗೆ ಹೋಗಿ, ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಎರಡು, ಎರಡೂವರೆ ವಾರ ಒಳಗೇ ತಿಂದು, ಹೊರಗೆ ಬಂದು, ಬಿದ್ದ ಎಲೆಗಳ ನಡುವೆ ಅಥವಾ ಮಣ್ಣಿನ ಮೇಲ್ಪದರದಲ್ಲಿ ಗೂಡು ಕಟ್ಟುತ್ತದೆ. ಸುಮಾರು ಒಂದು ವಾರ, ಹತ್ತು ದಿನಕ್ಕೆ ಹೊಸ ಪತಂಗ.

ಇದರಲ್ಲಿ ಎರಡು ವಿಷಯ ಗಮನಿಸಿ.

ಒಂದು, ನಾವು ಕಾಯಿಯ ಮೇಲೆ ಕಾಣುವ ದೊಡ್ಡ ತೂತು ಹುಳ ಒಳಗೆ ಹೋದದ್ದಲ್ಲ, ಹೊರಗೆ ಬಂದದ್ದು. ಒಳಗೆ ಹೋದ ತೂತು ಸೂಜಿಮೊನೆಯಷ್ಟು, ಕಾಯಿ ಬೆಳೆಯುವಾಗ ಮುಚ್ಚಿಹೋಗುತ್ತದೆ. ಅಂದರೆ ತೂತು ಕಂಡ ದಿನ ಔಷಧಿ ಹೊಡೆಯುವುದು, ಕಳ್ಳ ಹೋದ ಮೇಲೆ ಬಾಗಿಲು ಹಾಕಿದ ಹಾಗೆ.

ಎರಡು, ಹುಳ ಔಷಧಿಗೆ ಸಿಗುವುದು ಆ ಕೆಲವು ಗಂಟೆ ಮಾತ್ರ. ಎಲ್ಲ ಮೊಟ್ಟೆಯೂ ಒಂದೇ ದಿನ ಒಡೆಯುವುದಿಲ್ಲ. ಹಾಗಾಗಿ ಸ್ಪ್ರೇಯನ್ನೇ ನಂಬಿದವರು ದಿನ ಬಿಟ್ಟು ದಿನ ಹೊಡೆಯುವ ಹಂತಕ್ಕೆ ಹೋಗುತ್ತಾರೆ. ಗುಳ್ಳ ನಾಲ್ಕೈದು ದಿನಕ್ಕೊಮ್ಮೆ ಕೊಯ್ಯುವ ತರಕಾರಿ. ಔಷಧಿಯ ಡಬ್ಬಿಯಲ್ಲಿ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂದು ಬರೆದಿರುತ್ತದೆ. ಆ ದಿನಗಳು ಮುಗಿಯುವ ಮೊದಲೇ ಕಾಯಿ ಯಾರದ್ದೋ ಸಾಂಬಾರಿನಲ್ಲಿ ಇರುತ್ತದೆ. ನಿಮ್ಮ ಮನೆಯದ್ದರಲ್ಲೂ.

ಹಾಗಾದರೆ ಮಾಡುವುದೇನು?

ವಾರಕ್ಕೆರಡು ಸಲ ಕುಡಿ ಚಿವುಟಿ. ಬಾಡಿದ ಜಾಗದಿಂದ ಒಂದಿಂಚು ಕೆಳಗೆ ಕತ್ತರಿಸಿ. ಗಿಡಕ್ಕೆ ಏನೂ ತೊಂದರೆ ಇಲ್ಲ, ಪಕ್ಕದಿಂದ ಹೊಸ ಕವಲು ಬರುತ್ತದೆ. ಕೈಯಲ್ಲಿ ಒಂದು ಚೀಲ ಇರಲಿ. ಚಿವುಟಿದ್ದನ್ನು ಕಟ್ಟಪುಣಿಯ ಮೇಲೆ ಎಸೆದರೆ ಹುಳ ಅಲ್ಲಿಂದಲೇ ಇಳಿದು ಗೂಡು ಕಟ್ಟುತ್ತದೆ. ಚೀಲದಲ್ಲಿ ತಂದು ಸುಡಿ, ಇಲ್ಲವೇ ಬಾಯಿ ಕಟ್ಟಿ ಎರಡು ವಾರ ಬಿಸಿಲಿಗಿಡಿ. ತೂತಾದ ಕಾಯಿಗೂ ಇದೇ ಕ್ರಮ. ಮಾರಾಟಕ್ಕಾಗದ ಕಾಯನ್ನು ಗಿಡದಲ್ಲೇ ಬಿಡಬೇಡಿ.

ಮೋಹಕ ಬಲೆ ಹಾಕಿ. ಈ ಹುಳಕ್ಕೆಂದೇ ಇರುವ ಫೆರೋಮೋನ್ ಗುಳಿಗೆ ಸಿಗುತ್ತದೆ. ಹೆಣ್ಣು ಪತಂಗದ ವಾಸನೆ ಇರುವ ಈ ಗುಳಿಗೆಗೆ ಗಂಡು ಬಂದು ಬೀಳುತ್ತದೆ. ಎಷ್ಟು ಹುಳ ಉಂಟೆಂದು ತಿಳಿಯಲಿಕ್ಕಾದರೆ ಎಕರೆಗೆ ನಾಲ್ಕೈದು ಬಲೆ ಸಾಕು, ಹಿಡಿದು ಕಡಿಮೆ ಮಾಡಲಿಕ್ಕಾದರೆ 30ರಿಂದ 40 ಬೇಕು. ನೆಟ್ಟ ಮೂರನೇ ವಾರದಿಂದಲೇ ಹಾಕಿ. ಗಿಡದ ತಲೆಯ ಮಟ್ಟಕ್ಕೆ ಕಟ್ಟಿ, ಗಿಡ ಬೆಳೆದಂತೆ ಮೇಲೆ ಸರಿಸಿ. ತಿಂಗಳಿಗೊಮ್ಮೆ ಗುಳಿಗೆ ಬದಲಿಸಿ. ಟೊಮೆಟೊ ಹುಳದ ಗುಳಿಗೆಗೆ ಬದನೆಯ ಪತಂಗ ಬರುವುದಿಲ್ಲ. ಕೊಳ್ಳುವಾಗ ಬದನೆ ಕುಡಿ, ಕಾಯಿ ಕೊರಕದ್ದೇ ಎಂದು ಕೇಳಿ ತನ್ನಿ.

ಬೇವು ಬಳಸಿ, ಆದರೆ ಅದರ ಮಿತಿ ತಿಳಿದು. ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ, ಲೀಟರ್ ನೀರಿಗೆ 50 ಗ್ರಾಂನಂತೆ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ನೀರು ಸೇರಿಸಿ ಸಂಜೆ ಹೊತ್ತು ಹೊಡೆಯಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು ಸಿಕ್ಕಿದರೆ ಕೆಲಸ ಇನ್ನೂ ಸುಲಭ. ಬೇವು ಪತಂಗವನ್ನು ಮೊಟ್ಟೆ ಇಡದಂತೆ ತಡೆಯುತ್ತದೆ, ಹೊರಗಿರುವ ಮರಿಹುಳಕ್ಕೆ ತಿನ್ನಲು ಬಿಡುವುದಿಲ್ಲ. ಒಳಗೆ ಹೋದ ಹುಳಕ್ಕೆ ಅದೂ ತಲುಪುವುದಿಲ್ಲ. ಸಾವಯವ ಅಂದ ಕೂಡಲೇ ಪವಾಡ ಆಗುವುದಿಲ್ಲ ಮಾರಾಯ್ರೆ.

ಒಣ ಗಿಡ ಮನೆಗೆ ತರಬೇಡಿ. ಬೆಳೆ ಮುಗಿದ ಮೇಲೆ ಗುಳ್ಳದ ಗಿಡ ಕಿತ್ತು, ಬಚ್ಚಲ ಒಲೆಗೆ ಆಗುತ್ತದೆ ಎಂದು ಸೌದೆ ಕೊಟ್ಟಿಗೆಯಲ್ಲಿ ಒಟ್ಟುವ ಅಭ್ಯಾಸ ನಮ್ಮಲ್ಲಿ ಉಂಟು. ಆ ರಾಶಿಯಲ್ಲಿ ಉಳಿದ ಗೂಡುಗಳಿಂದ ಪತಂಗ ಎದ್ದು ಹೊಸ ಸಸಿಮಡಿಗೇ ಹೋಗುತ್ತದೆ. ಕಿತ್ತ ವಾರದೊಳಗೆ ಸುಟ್ಟುಬಿಡಿ. ಬೂದಿ ಗದ್ದೆಗೇ ಆಗುತ್ತದೆ.

ಈ ಕ್ರಮ ನಮ್ಮ ಊರಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಸ್ಟ್ರೊವಿಲ್ ಎಂಬ ಊರಿನ ಸುತ್ತ ಆರ್ಟಿಚೋಕ್ ಬೆಳೆಯುತ್ತಾರೆ. ಮುಳ್ಳಿನ ಜಾತಿಯ ಗಿಡ, ಅದರ ದಪ್ಪ ಮೊಗ್ಗೇ ತರಕಾರಿ. ಅಲ್ಲೂ ಒಂದು ಪತಂಗದ ಮರಿಹುಳ ಮೊಗ್ಗಿನ ಎಸಳುಗಳ ನಡುವೆ ಹೊಕ್ಕು ಕೂರುತ್ತದೆ, ಅಲ್ಲೂ ಸ್ಪ್ರೇ ತಲುಪುವುದಿಲ್ಲ. ದೊಡ್ಡ ಯಂತ್ರ, ದೊಡ್ಡ ಜಮೀನು ಇರುವ ಅವರ ಮುಖ್ಯ ಉಪಾಯವೂ ಕಡಿದು ಚೊಕ್ಕ ಮಾಡುವುದೇ. ಬೆಳೆ ಮುಗಿದ ಮೇಲೆ ಗಿಡವನ್ನು ನೆಲಮಟ್ಟಕ್ಕೆ ಕಡಿದು, ಕೊಚ್ಚಿ, ಮಣ್ಣಿಗೆ ಸೇರಿಸುತ್ತಾರೆ. ತಿನ್ನುವ ಭಾಗದೊಳಗೇ ಅಡಗುವ ಹುಳಕ್ಕೆ ಎಲ್ಲ ಕಡೆ ಉತ್ತರ ಒಂದೇ. ಹುಳ ಹೊರಗಿರುವಾಗ ಹಿಡಿ, ಅಡಗುವ ಜಾಗ ತೆಗೆ.

ಇಡೀ ಗಿಡ ಹಸಿರಾಗಿ ಬಾಡಿದ್ದರೆ: ಗ್ಲಾಸಿನ ಪರೀಕ್ಷೆ

ಇದು ಈ ಲೇಖನದ ಮುಖ್ಯ ಭಾಗ. ದಯವಿಟ್ಟು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಆಗಷ್ಟೇ ಬಾಡಿದ ಗಿಡ ಆರಿಸಿ. ಪೂರ್ತಿ ಒಣಗಿದ್ದು ಬೇಡ. ಮಣ್ಣಿನಿಂದ ಸ್ವಲ್ಪ ಮೇಲೆ ಕಾಂಡವನ್ನು ಎರಡು ಮೂರು ಇಂಚು ಉದ್ದಕ್ಕೆ ಕತ್ತರಿಸಿ. ಮಣ್ಣು ಒರೆಸಿ. ಪಾರದರ್ಶಕ ಗಾಜಿನ ಗ್ಲಾಸಿನಲ್ಲಿ ಶುದ್ಧ ನೀರು ತುಂಬಿಸಿ. ತುಂಡನ್ನು ನೂಲಿನಲ್ಲಿ ಕಟ್ಟಿ, ಕತ್ತರಿಸಿದ ಕೆಳತುದಿ ಮಾತ್ರ ನೀರಿಗೆ ಮುಳುಗುವ ಹಾಗೆ ಇಳಿಬಿಡಿ. ಅಲ್ಲಾಡಿಸಬೇಡಿ. ಹಿಂದೆ ಒಂದು ಕಪ್ಪು ಬಟ್ಟೆ ಹಿಡಿಯಿರಿ.

ಎರಡರಿಂದ ಐದು ನಿಮಿಷದೊಳಗೆ ಕಾಂಡದ ತುದಿಯಿಂದ ಹಾಲಿನ ಎಳೆಯಂತೆ, ಊದುಬತ್ತಿಯ ಹೊಗೆ ಕೆಳಮುಖವಾಗಿ ಹೋದ ಹಾಗೆ, ಬೆಳ್ಳಗಿನದ್ದು ಇಳಿಯುತ್ತಾ ಬಂದರೆ ಅದು ಬ್ಯಾಕ್ಟೀರಿಯಾ. ಹೆಸರು ರಾಲ್‌ಸ್ಟೋನಿಯಾ. ಗಿಡದ ನೀರಿನ ಕೊಳವೆಯೊಳಗೆ ತುಂಬಿಕೊಂಡು ನೀರು ಮೇಲೆ ಹೋಗದ ಹಾಗೆ ಕಟ್ಟಿಬಿಡುತ್ತದೆ. ಬುಡದಲ್ಲಿ ನೀರಿದ್ದೂ ಗಿಡ ಬಾಯಾರಿ ಸಾಯುವುದು ಹೀಗೆ. ಬಾಡಿತು ಅಂತ ನಾವು ಇನ್ನಷ್ಟು ನೀರು ಬಿಡುತ್ತೇವೆ. ಆ ನೀರೇ ಬ್ಯಾಕ್ಟೀರಿಯಾವನ್ನು ಮುಂದಿನ ಗಿಡಕ್ಕೆ ಕೊಂಡುಹೋಗುತ್ತದೆ.

ಪರೀಕ್ಷೆ ಮಾಡಿದ ನೀರನ್ನು ಗದ್ದೆಗೆ ಚೆಲ್ಲಬೇಡಿ. ಕುದಿಸಿ ಚೆಲ್ಲಿ. ಚೂರಿಯನ್ನು ಬೆಂಕಿಗೆ ಹಿಡಿದು ಮತ್ತೆ ಬಳಸಿ.

ಹಾಲಿನ ಎಳೆ ಕಂಡರೆ ಈ ಕೆಳಗಿನದ್ದು ಅದೇ ದಿನ ಆಗಬೇಕು. ನಾಳೆಗೆ ಬಿಡಬೇಡಿ.

ಆ ಸಾಲಿಗೆ ನೀರು ನಿಲ್ಲಿಸಿ. ಸಾಲಿನಿಂದ ಸಾಲಿಗೆ ಹರಿಯುವ ನೀರಿದ್ದರೆ ಅಡ್ಡ ಕಟ್ಟಿ. ಉಳಿದ ಗಿಡಗಳಿಗೆ ಬುಡಕ್ಕೆ ಬೇರೆ ಬೇರೆಯಾಗಿ ನೀರು ಕೊಡಿ. ಹನಿ ನೀರಾವರಿ ಇದ್ದರೆ ಒಳ್ಳೆಯದು.

ಬಾಡಿದ ಗಿಡವನ್ನು ಬೇರು, ಬುಡದ ಮಣ್ಣು ಸಮೇತ ಗೋಣಿಗೆ ಹಾಕಿ ಎತ್ತಿಕೊಂಡು ಬನ್ನಿ. ಗದ್ದೆಯುದ್ದಕ್ಕೂ ಎಳೆದು ತರಬೇಡಿ. ಸುಡಿ. ಗೊಬ್ಬರದ ಗುಂಡಿಗೆ ಹಾಕಲೇಬೇಡಿ. ಗುಂಡಿ ಬಿದ್ದ ಜಾಗಕ್ಕೆ ಸುಣ್ಣ ಹಾಕಿ ಮುಚ್ಚಿ, ಅಲ್ಲಿ ಬೇರೆ ಗುಳ್ಳದ ಸಸಿ ನೆಡಬೇಡಿ.

ಸುತ್ತಲಿನ ಗಿಡಗಳ ಬುಡ ಕೆದಕಬೇಡಿ. ಬೇರಿಗೆ ಗಾಯವಾದರೆ ಅದೇ ಬಾಗಿಲು. ಕಳೆ ಇದ್ದರೆ ಕೈಯಲ್ಲಿ ಕುಯ್ಯಿರಿ. ಆ ಸಾಲಿನ ಕೆಲಸ ದಿನದ ಕೊನೆಗೆ ಇಟ್ಟುಕೊಳ್ಳಿ, ಹಾರೆ ತೊಳೆದು ಇಡಿ, ಕಾಲೂ ತೊಳೆದುಕೊಳ್ಳಿ.

ಈಗ ಖಾರವಾದ ಸತ್ಯ. ಬಾಡಿದ ಗಿಡವನ್ನು ಬದುಕಿಸುವ ಔಷಧಿ ಇಲ್ಲ. ಅಂಗಡಿಯಲ್ಲಿ ಆ್ಯಂಟಿಬಯೋಟಿಕ್ ಪುಡಿ ಕೊಡುತ್ತಾರೆ, ಎಲೆಯ ಮೇಲೆ ಹೊಡೆದರೆ ಮಣ್ಣಿನಲ್ಲೂ ಕಾಂಡದೊಳಗೂ ಇರುವ ಬ್ಯಾಕ್ಟೀರಿಯಾಕ್ಕೆ ಅದು ಏನೂ ಮಾಡುವುದಿಲ್ಲ. ಸಾವಯವದವರು ಜೀವಾಮೃತ, ಮಜ್ಜಿಗೆ ಅಂತಾರೆ. ಬಾಡಿದ ಗಿಡಕ್ಕೆ ಅದೂ ಆಗುವುದಿಲ್ಲ. ಇಲ್ಲಿ ಉಳಿಸಬೇಕಾದದ್ದು ಬಾಡಿದ ಗಿಡವನ್ನಲ್ಲ, ಪಕ್ಕದ್ದನ್ನು.

ಮತ್ತೆ ಮುಂದಿನ ವರ್ಷವನ್ನು. ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಟೊಮೆಟೊ, ಮೆಣಸು, ಆಲೂಗಡ್ಡೆ ಎಲ್ಲ ಬದನೆಯ ಸಂಬಂಧಿಕರು, ಇವಕ್ಕೂ ಇದೇ ರೋಗ. ಶುಂಠಿ, ಶೇಂಗಾ ಕೂಡ ಈ ಗುಂಪಿನ ಬ್ಯಾಕ್ಟೀರಿಯಾಕ್ಕೆ ತುತ್ತಾಗುವ ಬೆಳೆಗಳೇ. ಹಾಗಾಗಿ ಗುಳ್ಳ ಸತ್ತ ಜಾಗಕ್ಕೆ ಮೆಣಸು ಹಾಕುವ ಯೋಚನೆ ಬೇಡ. ಭತ್ತ ಹಾಕಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಇದರ ಬಲ ಕಡಿಮೆಯಾಗುತ್ತದೆ. ಏಣೆಲು ಬೆಳೆ ಕೊಯ್ದು ಅದೇ ಗದ್ದೆಯಲ್ಲಿ ಗುಳ್ಳ ಹಾಕುವ ನಮ್ಮ ಹಿರಿಯರ ಕ್ರಮ ಬರೀ ಜಾಗದ ಉಳಿತಾಯಕ್ಕೆ ಅಲ್ಲ ಎಂದು ಇದನ್ನು ಓದಿದ ಮೇಲೆ ಅರ್ಥವಾಗುತ್ತದೆ. ಇವತ್ತು ಭತ್ತ ಬಿಟ್ಟು, ಹಡಿಲು ಬಿದ್ದ ಗದ್ದೆಯಲ್ಲಿ ವರ್ಷವೂ ತರಕಾರಿಯನ್ನೇ ಹಾಕುವವರಲ್ಲಿ ಸೊರಗು ಜಾಸ್ತಿಯಾಗುವುದರಲ್ಲಿ ಆಶ್ಚರ್ಯ ಇಲ್ಲ. ಭತ್ತ ಆಗದಿದ್ದರೆ ಅಲಸಂಡೆ, ಬೆಂಡೆ, ಜೋಳ ಸರದಿಯಲ್ಲಿ ಬರಲಿ.

ಇನ್ನೊಂದು ದಾರಿ ಕಸಿ. ಕಾಡು ಸುಂಡೆಯ ಬೇರು ಈ ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದರ ಸಸಿಯ ಮೇಲೆ ಗುಳ್ಳದ ಕುಡಿ ಕಸಿ ಕಟ್ಟಿದರೆ ಬೇರು ಸುಂಡೆಯದ್ದು, ಕಾಯಿ ಗುಳ್ಳದ್ದು. ಸುಂಡೆ ಬೀಜ ಮೊಳೆಯುವುದೂ ಬೆಳೆಯುವುದೂ ನಿಧಾನ, ಹಾಗಾಗಿ ಗುಳ್ಳಕ್ಕಿಂತ ಎಷ್ಟೋ ವಾರ ಮೊದಲು ಬಿತ್ತಬೇಕು. ಮಾಡುವುದಿದ್ದರೆ ಮೊದಲ ವರ್ಷ ಒಂದೆರಡು ಸಾಲು ಮಾತ್ರ ಮಾಡಿ ನೋಡಿ. ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಶ್ವೇತ, ಹರಿತ ಎಂಬ ಬದನೆ ತಳಿಗಳಿಗೆ ಸೊರಗು ತಡೆಯುವ ಶಕ್ತಿ ಉಂಟು. ಮನೆ ಖರ್ಚಿಗೆ ಬದನೆ ಬೇಕೆಂದರೆ ರೋಗ ಇರುವ ಜಾಗಕ್ಕೆ ಅವು ಆದೀತು. ಆದರೆ ಗುಳ್ಳದ ರುಚಿ ಹುಡುಕಬೇಡಿ.

ಎಳೆ ಬಾರದಿದ್ದರೆ: ಬುಡ ಮತ್ತು ಬೇರು ನೋಡಿ

ಗ್ಲಾಸಿನ ನೀರು ತಿಳಿಯಾಗಿಯೇ ಉಳಿಯಿತು ಎಂದುಕೊಳ್ಳಿ. ಆಗ ಗಿಡದ ಬುಡ ನೋಡಿ. ಮಣ್ಣಿನ ಮಟ್ಟದಲ್ಲಿ ಬಿಳಿ ಹತ್ತಿಯಂಥ ಬೂಸ್ಟು, ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಗುಳಿಗೆಗಳು ಇದ್ದರೆ ಅದು ಬುಡ ಕೊಳೆ. ಕೊಳೆಯದ ಹಸಿ ಸೊಪ್ಪು, ಹುಲ್ಲು ಬುಡಕ್ಕೆ ತಾಗಿಸಿ ಹಾಕಿದಲ್ಲಿ ಜಾಸ್ತಿ. ಮುಚ್ಚಿಗೆಯನ್ನು ಕಾಂಡದಿಂದ ಒಂದು ಗೇಣು ದೂರ ಸರಿಸಿ, ಸತ್ತ ಗಿಡವನ್ನು ಆ ಕಾಳುಗಳ ಸಮೇತ ತೆಗೆಯಿರಿ. ಕಾಳು ಉಳಿದರೆ ಮುಂದಿನ ವರ್ಷಕ್ಕೆ ಬೀಜ ಬಿತ್ತಿದ ಹಾಗೆ.

ಬುಡ ಸರಿಯಿದ್ದು, ಎಲೆ ಕೆಳಗಿನಿಂದ ಹಳದಿಯಾಗುತ್ತಾ ಬಂದು, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಶಿಲೀಂಧ್ರದ ಸೊರಗು. ಈ ಎರಡಕ್ಕೂ ಟ್ರೈಕೋಡರ್ಮಾ ಉಪಯೋಗಕ್ಕೆ ಬರುತ್ತದೆ. ಆದರೆ ನೆಡುವ ಮೊದಲು, ಕೊಳೆತ ಹಟ್ಟಿಗೊಬ್ಬರದಲ್ಲಿ ಬೆರೆಸಿ, ತೇವದಲ್ಲಿ ನೆರಳಿನಲ್ಲಿ ಒಂದೆರಡು ವಾರ ಬೆಳೆಸಿ ಹಾಕಿದರೆ ಮಾತ್ರ. ಬಾಡಿದ ಮೇಲೆ ಬುಡಕ್ಕೆ ಹೊಯ್ದರೆ ತಡವಾಯಿತು.

ಬುಡವೂ ಸರಿ, ಕಾಂಡವೂ ಸರಿ, ಆದರೆ ಗಿಡ ಗಿಡ್ಡ, ಮಧ್ಯಾಹ್ನ ಬಾಡುತ್ತದೆ, ಸಂಜೆ ಏಳುತ್ತದೆ. ಹಾಗಿದ್ದರೆ ಗಿಡವನ್ನು ಮೆಲ್ಲ ಕಿತ್ತು ಬೇರು ತೊಳೆಯಿರಿ. ಬೇರಿನಲ್ಲಿ ಗಂಟು ಗಂಟು ಇದ್ದರೆ ಜಂತುಹುಳ. ಅಲಸಂಡೆಯ ಬೇರಿನಲ್ಲೂ ಗಂಟು ಇರುತ್ತದೆ, ಅದು ಒಳ್ಳೆಯ ಗಂಟು, ಬೆರಳಿನಿಂದ ತಳ್ಳಿದರೆ ಕಳಚಿ ಬೀಳುತ್ತದೆ. ಇದು ಬೇರೇ ಊದಿಕೊಂಡದ್ದು, ಕಳಚುವುದಿಲ್ಲ. ಇಂಥ ಜಾಗಕ್ಕೆ ನೆಡುವ ಮೊದಲು ಬೇವಿನ ಹಿಂಡಿ ಹಾಕಿ, ಮುಂದಿನ ಸರದಿಯಲ್ಲಿ ಚೆಂಡುಹೂ ಬೆಳೆಯಿರಿ. ಚೌತಿ, ದೀಪಾವಳಿಗೆ ಹೂವೂ ಆಯಿತು, ಜಂತು ಕಡಿಮೆಯೂ ಆಯಿತು. ಜಂತು ಬೇರನ್ನು ಗಾಯ ಮಾಡಿದರೆ ಅದೇ ದಾರಿಯಲ್ಲಿ ಸೊರಗಿನ ಬ್ಯಾಕ್ಟೀರಿಯಾವೂ ಒಳಗೆ ಹೋಗುತ್ತದೆ, ಹಾಗಾಗಿ ಇದನ್ನು ಸಣ್ಣದೆಂದು ಬಿಡಬೇಡಿ.

ಬಾಡದಿದ್ದರೂ ಗಮನಿಸಬೇಕಾದ ಎರಡು

ಕೆಲವು ಗಿಡ ಬಾಡುವುದಿಲ್ಲ. ಎಲೆ ಸಣ್ಣ ಸಣ್ಣದಾಗಿ ಪೊದೆಯಂತೆ ಒತ್ತಾಗಿ, ಹೂ ಕಾಯಿ ಇಲ್ಲದೆ ನಿಂತಿರುತ್ತದೆ. ಗೊಬ್ಬರ ಸಾಲದು ಎಂದು ಗೊಬ್ಬರ ಹಾಕಬೇಡಿ. ಇದು ಕಿರುಎಲೆ ರೋಗ, ಜಿಗಿಹುಳ ರಸ ಹೀರುವಾಗ ಹರಡುತ್ತದೆ. ಆ ಗಿಡ ಇನ್ನು ಕಾಯಿ ಕೊಡುವುದಿಲ್ಲ, ರೋಗ ಮಾತ್ರ ಕೊಡುತ್ತದೆ. ಕಂಡ ದಿನವೇ ಕೀಳಿ.

ಇನ್ನೊಂದು, ಎಲೆಯನ್ನು ಜರಡಿ ಮಾಡುವ ಚುಕ್ಕೆ ದುಂಬಿ. ಇಲ್ಲಿ ಜಾಗ್ರತೆ ಬೇಕು, ಏಕೆಂದರೆ ಹೇನು ತಿಂದು ನಮಗೆ ಉಪಕಾರ ಮಾಡುವ ಗುಲಗಂಜಿ ಹುಳವೂ ಇದರ ಕುಟುಂಬದ್ದೇ. ಗುರುತು ಸುಲಭ. ಮೈ ಹೊಳೆಯುತ್ತಿದ್ದರೆ ಮಿತ್ರ. ಮೈಮೇಲೆ ಸಣ್ಣ ರೋಮ ಇದ್ದು ಮಂಕಾಗಿದ್ದರೆ, ಚುಕ್ಕೆ ತುಂಬ ಇದ್ದರೆ ಶತ್ರು. ಶತ್ರುವಿನ ಹಳದಿ ಮೊಟ್ಟೆ ಎಲೆಯಡಿ ಗುಂಪಾಗಿ ನಿಂತಿರುತ್ತದೆ, ಅದರ ಮರಿ ಹಳದಿ, ಮೈತುಂಬ ಮುಳ್ಳು. ಬೆಳಿಗ್ಗೆ ಹೊತ್ತು ಕೈಯಲ್ಲೇ ಹೆಕ್ಕಿ ಸಾಬೂನು ನೀರಿಗೆ ಹಾಕಿದರೆ ಮುಗಿಯಿತು.

ಬಿಟಿ ಬದನೆ ಬಂದಿದ್ದರೆ?

ಈ ಪ್ರಶ್ನೆ ಕೇಳುವ ಹುಡುಗರು ಇದ್ದಾರೆ, ಕೇಳಬೇಕು ಕೂಡ. ಕೊರಕ ಹುಳ ತಿಂದರೆ ಸಾಯುವ ಹಾಗೆ ಬ್ಯಾಕ್ಟೀರಿಯಾದ ಒಂದು ವಂಶವಾಹಿ ಸೇರಿಸಿದ ಬದನೆ ಅದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಗುಣವನ್ನು ಸೇರಿಸಿದ ಸ್ಥಳೀಯ ತಳಿಗಳಲ್ಲಿ ಉಡುಪಿ ಗುಳ್ಳವೂ ಒಂದು. ದೇಶದ ಬೇರೆ ಬೇರೆ ಕಡೆ ಸಾರ್ವಜನಿಕ ಸಭೆಗಳಾದ ಮೇಲೆ, 2010ರ ಫೆಬ್ರವರಿ 9ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಅದಕ್ಕೆ ತಡೆ ಹಾಕಿದರು. ಪಕ್ಕದ ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟು, 2014ರಿಂದ ಅಲ್ಲಿ ರೈತರು ಬೆಳೆಯುತ್ತಿದ್ದಾರೆ.

ಪರ, ವಿರೋಧ ಏನೇ ಇರಲಿ, ನಮ್ಮ ಇವತ್ತಿನ ವಿಷಯಕ್ಕೆ ಸಂಬಂಧಪಟ್ಟದ್ದು ಇಷ್ಟು. ಆ ವಂಶವಾಹಿ ಕೊರಕಕ್ಕೆ ಮಾತ್ರ. ಸೊರಗು ಬ್ಯಾಕ್ಟೀರಿಯಾಕ್ಕೆ, ಬುಡ ಕೊಳೆಗೆ, ಬೇರು ಗಂಟಿಗೆ ಅದರಿಂದ ಏನೂ ಆಗದು. ಮೇಲಿನ ನಾಲ್ಕು ಕಾರಣಗಳಲ್ಲಿ ಮೂರು ಹಾಗೆಯೇ ಉಳಿಯುತ್ತಿದ್ದವು. ಗಿಡದ ಎದುರು ನಿಂತು ನೋಡುವ ಕೆಲಸವನ್ನು ಯಾವ ಬೀಜವೂ ತಪ್ಪಿಸುವುದಿಲ್ಲ.

ನೆಡುವ ಮೊದಲಿನಿಂದ ಕೊನೆಯವರೆಗೆ

ಬೀಜ: ರೋಗ ಇಲ್ಲದ ಗಿಡದ, ಪೂರ್ತಿ ಹಣ್ಣಾದ ಕಾಯಿಯಿಂದ ಬೀಜ ತೆಗೆಯಿರಿ. ಬೇರೆ ಬದನೆ ಹತ್ತಿರ ಇದ್ದರೆ ಜೇನು, ದುಂಬಿಗಳಿಂದ ಮಿಶ್ರವಾಗುತ್ತದೆ, ಬೀಜದ ಗಿಡ ದೂರ ಇರಲಿ. ಕಾಯಿ ಕೊಳೆ, ಎಲೆ ಚುಕ್ಕೆಯ ಶಿಲೀಂಧ್ರ ಬೀಜದಲ್ಲೇ ಬರುತ್ತದೆ. 50 ಡಿಗ್ರಿ ಬಿಸಿನೀರಿನಲ್ಲಿ 30 ನಿಮಿಷ ಅದ್ದಿ, ನೆರಳಲ್ಲಿ ಆರಿಸಿ ಬಿತ್ತಿ. ಕೈ ಅಂದಾಜು ಸಾಲದು, ಥರ್ಮಾಮೀಟರ್ ಬೇಕು. ಬಿಸಿ ಹೆಚ್ಚಾದರೆ ಬೀಜವೇ ಸಾಯುತ್ತದೆ.

ಸಸಿಮಡಿ: ಹಿಂದೆ ಬದನೆ, ಮೆಣಸು ಹಾಕಿದ ಜಾಗ ಬೇಡ. ಸುಡುಮಣ್ಣು ಮಾಡುವ ನಮ್ಮ ಹಳೆಯ ಕ್ರಮ ಇಲ್ಲಿ ಬಹಳ ಒಳ್ಳೆಯದು, ಮಣ್ಣಿನಲ್ಲಿರುವ ರೋಗಾಣು ಸಾಯುತ್ತವೆ. ಬೇರೆಯವರ ಸಸಿ ಕೊಳ್ಳುವುದಾದರೆ ಅವರ ಗದ್ದೆಯಲ್ಲಿ ಸೊರಗು ಉಂಟಾ ಎಂದು ಕೇಳಿ.

ಗದ್ದೆ: ಮಣ್ಣು ಪರೀಕ್ಷೆ ಮಾಡಿಸಿ. ಹುಳಿ ಎಷ್ಟೆಂದು ನೋಡಿಯೇ ಸುಣ್ಣ ಹಾಕಿ. ಏರು ಸಾಲು ಮಾಡಿ, ನೀರು ನಿಲ್ಲಬಾರದು.

ಬೆಳೆಯುವಾಗ: ಮೂರನೇ ವಾರ ಬಲೆ. ವಾರಕ್ಕೆರಡು ಸಲ ಚೀಲ ಹಿಡಿದು ಒಂದು ಸುತ್ತು. ಒಂದು ಗಿಡ ಬಾಡಿದರೂ ಗ್ಲಾಸಿನ ಪರೀಕ್ಷೆ.

ಮುಗಿದ ಮೇಲೆ: ಮೇ ತಿಂಗಳಲ್ಲಿ ಎರಡು ಕಾಯಿ ಬರುತ್ತದಲ್ಲ ಎಂದು ಹಳೆಯ ಗಿಡ ಉಳಿಸಬೇಡಿ. ಮಳೆಗೆ ಮೊದಲು ಕಿತ್ತು ಸುಡಿ.

ಇಷ್ಟೂ ಒಬ್ಬರೇ ಮಾಡಿದರೆ ಫಲ ಅರ್ಧವೇ. ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ. ಪಕ್ಕದ ಗದ್ದೆಯಲ್ಲಿ ತೂತಾದ ಕಾಯಿ ರಾಶಿ ಬಿದ್ದಿದ್ದರೆ ಅಲ್ಲಿ ಕೂಡಿಬಂದ ಹೆಣ್ಣು ನಿಮ್ಮ ಗದ್ದೆಗೇ ಬಂದು ಮೊಟ್ಟೆ ಇಡುತ್ತದೆ. ನೀರು ಕೂಡ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಬರುವುದು. ಮೇಲಿನವರಿಗೆ ಸೊರಗು ಬಂದದ್ದು ಕೆಳಗಿನವರಿಗೆ ಅದೇ ದಿನ ಗೊತ್ತಾಗಬೇಕು. ಬೈಲಿನ ಏಳೆಂಟು ಮನೆಯವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಳ್ಳಿ. ಅಪ್ಪ, ದೊಡ್ಡಪ್ಪಂದಿರ ಕಾಲದ ಪುಣಿ ಜಗಳ ಇದ್ದರೂ ಪರವಾಗಿಲ್ಲ, ಈ ಗುಂಪಿನಲ್ಲಿ ಗುಳ್ಳದ ವಿಷಯ ಮಾತ್ರ ಇರಲಿ.

ಇನ್ನು ಫೋನ್ ಇದೆಯಲ್ಲ, ಅದನ್ನು ಸರಿಯಾಗಿ ಬಳಸಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೋ, ತೋಟಗಾರಿಕಾ ಇಲಾಖೆಗೋ, ನನಗೋ ಕಳಿಸುವಾಗ ಐದು ವಿಷಯ ಕಳಿಸಿ. ಇಡೀ ಗಿಡದ ಫೋಟೋ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಸೀಳಿದ ಕುಡಿಯ ಫೋಟೋ. ತೊಳೆದ ಬೇರು ಮತ್ತು ಬುಡದ ಫೋಟೋ. ಗ್ಲಾಸಿನ ಪರೀಕ್ಷೆಯ ಐದು ನಿಮಿಷದ ವಿಡಿಯೋ, ಹಿಂದೆ ಕಪ್ಪು ಬಟ್ಟೆ ಇರಲಿ. ಹಿಂದಿನ ವರ್ಷ ಆ ಜಾಗದಲ್ಲಿ ಏನು ಬೆಳೆದಿರಿ ಎಂದು ಒಂದು ಸಾಲು.

ಇವಿಷ್ಟು ಇದ್ದರೆ ಉತ್ತರ ಕೊಡುವುದು ಸುಲಭ. ಹೆಚ್ಚಿನ ಸಲ ಈ ಐದನ್ನು ಒಟ್ಟು ಮಾಡುವಷ್ಟರಲ್ಲಿ ಉತ್ತರ ನಿಮಗೇ ಸಿಕ್ಕಿರುತ್ತದೆ, ಕಳಿಸುವ ಅಗತ್ಯವೇ ಬೀಳುವುದಿಲ್ಲ.